ನಿಮ್ಮ ಡಿಗ್ರಿಗೆ ಸವಕಳಿ ಎಷ್ಟು? ಇಂಜಿನಿಯರ್‌ಗಳಿಗೆ ಒಬ್ಬ ಬಿಕಾಂ ಪದವೀಧರೆಯ ಲೆಕ್ಕ

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

 

ಇವತ್ತಿನ ವಿಷಯ ಇಂಜಿನಿಯರಿಂಗ್ ಕೆರಿಯರ್. ಮೊದಲೇ ಹೇಳಿಬಿಡ್ತೀನಿ, ನಾನು ಇಂಜಿನಿಯರ್ ಅಲ್ಲ, ಬಿಕಾಂ ಮಾಡಿರೋಳು. ಹಾಗಾದ್ರೆ ಇವಳಿಗೇನು ಗೊತ್ತು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆನೇ. ಆದರೆ ನಮ್ಮ ರಾಜ್ಯದಲ್ಲಿ ಇಂಜಿನಿಯರ್ ಆಗದೇ ಇರೋರಿಗೂ ಇಂಜಿನಿಯರ್‌ಗಳ ಗೋಳು ಕೇಳಿ ಕೇಳಿ ಅರ್ಧ ಡಿಗ್ರಿ ಬಂದಿರುತ್ತೆ. ಅಣ್ಣ, ಅತ್ತಿಗೆ, ಚಿಕ್ಕಮ್ಮನ ಮಗ, ಎದುರು ಮನೆ ಹುಡುಗಿ, ಪಿಜಿ ರೂಮ್‌ಮೇಟ್, ಎಲ್ಲರೂ ಬಿಇ. ಅವರೆಲ್ಲ ಸೇರಿದಾಗ ನಾನೊಬ್ಬಳೇ ಲೆಕ್ಕದವಳು. ಹಾಗಾಗಿ ಇವತ್ತು ಲೆಕ್ಕದಿಂದಲೇ ಶುರು ಮಾಡ್ತೀನಿ.

ಕಾಮರ್ಸ್‌ನಲ್ಲಿ ನಮಗೆ ಸವಕಳಿ ಅಂತ ಒಂದು ಪಾಠ ಇರುತ್ತೆ. ಡಿಪ್ರಿಸಿಯೇಷನ್. ಒಂದು ಯಂತ್ರ ಕೊಂಡ್ರಿ ಅಂದ್ಕೊಳ್ಳಿ, ಅದು ವರ್ಷ ವರ್ಷ ಸವೆಯುತ್ತೆ, ಹಳೇದಾಗುತ್ತೆ, ಅಷ್ಟರಮಟ್ಟಿಗೆ ಪುಸ್ತಕದಲ್ಲಿ ಅದರ ಬೆಲೆ ಇಳಿಸ್ತಾ ಹೋಗಬೇಕು. ಎಲ್ಲದಕ್ಕೂ ಒಂದೇ ದರ ಇಲ್ಲ. ಆದಾಯ ತೆರಿಗೆ ಲೆಕ್ಕದಲ್ಲಿ ಕುರ್ಚಿ, ಮೇಜು, ಬೀರು ಇಂಥವಕ್ಕೆ ವರ್ಷಕ್ಕೆ ಶೇ 10. ಸಾಮಾನ್ಯ ಯಂತ್ರೋಪಕರಣಕ್ಕೆ ಶೇ 15. ಕಂಪ್ಯೂಟರ್ ಮತ್ತು ಸಾಫ್ಟ್‌ವೇರ್‌ಗೆ ಶೇ 40. ಒಂದು ಲಕ್ಷದ ಕಂಪ್ಯೂಟರ್ ಮೊದಲ ವರ್ಷದ ಕೊನೆಗೆ 60,000, ಎರಡನೇ ವರ್ಷ 36,000, ಮೂರನೇ ವರ್ಷ 21,600, ನಾಲ್ಕನೇ ವರ್ಷದ ಕೊನೆಗೆ 12,960 ರೂಪಾಯಿ. ಅದೇ ಒಂದು ಲಕ್ಷದ ಲೇತ್ ಮೆಷಿನ್ ನಾಲ್ಕು ವರ್ಷ ಆದ ಮೇಲೂ 52,000 ಚಿಲ್ಲರೆ ಬಾಳುತ್ತೆ. ಇನ್ನು ಜಮೀನು? ಅದಕ್ಕೆ ಸವಕಳಿನೇ ಇಲ್ಲ.

ಈಗ ಇದನ್ನ ನಿಮ್ಮ ತಲೆಯಲ್ಲಿರೋ ವಿದ್ಯೆಗೆ ಹಾಕಿ ನೋಡಿ.

ಬಿಇ ನಾಲ್ಕು ವರ್ಷದಲ್ಲಿ ನೀವು ಕಲಿತದ್ದರಲ್ಲಿ ಈ ಮೂರೂ ಬಗೆಯ ಆಸ್ತಿ ಇದೆ. ಯಾವುದೋ ಒಂದು ಸಾಫ್ಟ್‌ವೇರಿನ ಯಾವುದೋ ಒಂದು ವರ್ಷನ್‌ನಲ್ಲಿ ಯಾವ ಮೆನು ಎಲ್ಲಿದೆ ಅನ್ನೋದು ಶೇ 40ರ ಮಾಲು. ನಾಲ್ಕು ವರ್ಷದಲ್ಲಿ ಅದಕ್ಕೆ ಬೆಲೆ ಉಳಿಯಲ್ಲ. ಒಂದು ಭಾರತೀಯ ಮಾನಕದ ಕೋಡ್ ಪುಸ್ತಕ ಹಿಡಿದು ಡಿಸೈನ್ ಮಾಡೋದು ಸ್ವಲ್ಪ ನಿಧಾನ ಸವೆಯೋ ಮಾಲು. ಉಕ್ಕಿನ ಕಟ್ಟಡಗಳ ಕೋಡ್ ಐಎಸ್ 800 ಇದೆಯಲ್ಲ, ಅದರ 1984ರ ಆವೃತ್ತಿ 2007ರವರೆಗೂ ನಡೀತು. ಅಂದ್ರೆ 23 ವರ್ಷ. 2007ರಲ್ಲಿ ಬಂದ ಹೊಸ ಕೋಡ್ ಲೆಕ್ಕ ಹಾಕೋ ವಿಧಾನವನ್ನೇ ಬದಲಾಯಿಸಿ, ಲಿಮಿಟ್ ಸ್ಟೇಟ್ ಪದ್ಧತಿಗೆ ತಂದಿತು. ಹಳೆ ಪದ್ಧತಿಯಲ್ಲಿ ಪಳಗಿದ ಸಿವಿಲ್ ಇಂಜಿನಿಯರ್‌ಗಳು ನಡುವಯಸ್ಸಿನಲ್ಲಿ ಮತ್ತೆ ಕೂತು ಓದಬೇಕಾಯ್ತು. ಆದರೆ ತೊಲೆ ಮೇಲೆ ಭಾರ ಬಿದ್ದರೆ ಅದು ಹೇಗೆ ಬಾಗುತ್ತೆ ಅನ್ನೋದು 1984ರಲ್ಲೂ ಅದೇ, 2007ರಲ್ಲೂ ಅದೇ, ಈಗಲೂ ಅದೇ. ಅದು ಜಮೀನು.

ಇದನ್ನ ನಾನು ಯಾಕೆ ಇಷ್ಟು ಬಿಡಿಸಿ ಹೇಳ್ತಿದ್ದೀನಿ ಅಂದ್ರೆ, "ಕಲೀತಾನೇ ಇರಬೇಕು" ಅಂತ ಎಲ್ಲರೂ ಹೇಳ್ತಾರೆ. ಕಾಲೇಜಿನ ಫೇರ್‌ವೆಲ್ ಭಾಷಣದಲ್ಲಿ ಹೇಳ್ತಾರೆ, ಕಂಪನಿಯ ಇಂಡಕ್ಷನ್‌ನಲ್ಲಿ ಹೇಳ್ತಾರೆ. ಏನು ಕಲೀಬೇಕು, ಯಾವುದು ಬೇಗ ಹಳಸುತ್ತೆ, ಯಾವುದು ಬಾಳುತ್ತೆ ಅನ್ನೋ ಲೆಕ್ಕ ಮಾತ್ರ ಯಾರೂ ಕೊಡಲ್ಲ.

ಒಂದು ಕತೆ ಹೇಳ್ತೀನಿ. ನಿಜವಾದ ಕತೆ, ನಮ್ಮ ಬೆಂಗಳೂರಿನದೇ. ಇಂಜಿನಿಯರ್ ಅಂದ ತಕ್ಷಣ ನಮಗೆ ಬರೋ ಹೆಸರು ಸರ್ ಎಂ. ವಿಶ್ವೇಶ್ವರಯ್ಯ. ಅವರ ಬಗ್ಗೆ ಆಮೇಲೆ ಒಂದೆರಡು ಮಾತು ಆಡ್ತೀನಿ. ಆದರೆ ಇವತ್ತಿನ ಕತೆ ರಾಜೇಶ್ವರಿ ಚಟರ್ಜಿ ಅವರದು. ಹೆಸರು ಕೇಳಿದ್ದೀರಾ? ಕೇಳಿಲ್ಲ ಅಂದ್ರೆ ತಪ್ಪು ನಿಮ್ಮದಲ್ಲ, ನಮ್ಮ ಪಠ್ಯಪುಸ್ತಕಗಳಲ್ಲಿ ಅವರು ಸಿಗೋದು ಅಪರೂಪ. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಅಂತ ಅವರನ್ನ ಕರೀತಾರೆ.

ಹುಟ್ಟಿದ್ದು 1922ರಲ್ಲಿ. ಅವರ ಅಜ್ಜಿ ಕಮಲಮ್ಮ ದಾಸಪ್ಪ, ಹಳೇ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರಿಗೆ, ಗಂಡ ಬಿಟ್ಟ ಹೆಣ್ಣುಮಕ್ಕಳಿಗೆ ಓದು ಕೊಡಿಸೋ ಕೆಲಸದಲ್ಲಿ ತೊಡಗಿದ್ದೋರು. ಅಂಥ ಮನೆಯಲ್ಲಿ ಬೆಳೆದ ಹುಡುಗಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದರು. ಓದಿದ್ದು ಏನು? ಗಣಿತ. ಬಿಎಸ್ಸಿ ಆನರ್ಸ್ ಗಣಿತ, ಎಂಎಸ್ಸಿನೂ ಗಣಿತ. ಇಂಜಿನಿಯರಿಂಗ್ ಅಲ್ಲ, ಗಮನಿಸಿ.

1943ರ ಹೊತ್ತಿಗೆ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಸಂಶೋಧನಾ ವಿದ್ಯಾರ್ಥಿಯಾಗಿ ಬಂದರು. ಬಂದದ್ದು ಎಲೆಕ್ಟ್ರಿಕಲ್ ಟೆಕ್ನಾಲಜಿ ವಿಭಾಗಕ್ಕೆ. ಎರಡನೇ ಮಹಾಯುದ್ಧ ನಡೀತಿದ್ದ ಕಾಲ. ರೇಡಿಯೋ, ರಾಡಾರ್ ಇದೆಲ್ಲ ಯುದ್ಧದ ಹಣೆಬರಹವನ್ನೇ ತೀರ್ಮಾನಿಸ್ತಿದ್ದ ಹೊಸ ವಿದ್ಯೆ. ಗಣಿತದ ಹುಡುಗಿ ಅಲ್ಲಿಗೆ ಕಾಲಿಟ್ಟರು.

1946ರಲ್ಲಿ ಹೊರದೇಶದಲ್ಲಿ ಓದೋಕೆ ಸರ್ಕಾರದ ವಿದ್ಯಾರ್ಥಿವೇತನ ಸಿಕ್ತು. 1947ರ ಜುಲೈ. ಸ್ವಾತಂತ್ರ್ಯಕ್ಕೆ ಇನ್ನೊಂದು ತಿಂಗಳು. ಮದುವೆಯಾಗದ ಇಪ್ಪತ್ತೈದರ ಹುಡುಗಿ ಹಡಗು ಹತ್ತಿ ಅಮೆರಿಕಕ್ಕೆ ಹೊರಟರು. ಅದೂ ಎಂಥ ಹಡಗು, ಯುದ್ಧದಲ್ಲಿ ಸೈನಿಕರನ್ನ ಸಾಗಿಸ್ತಿದ್ದದ್ದನ್ನ ಪ್ರಯಾಣಿಕರಿಗೆ ಅಂತ ಬದಲಾಯಿಸಿದ್ದು. ಸುಮಾರು 30 ದಿನದ ಪ್ರಯಾಣ. ಇವತ್ತು ನಾವು ಮೈಸೂರಿಂದ ಬೆಂಗಳೂರಿಗೆ ಕೆಲಸಕ್ಕೆ ಬರೋಕೂ ಮನೆಯಲ್ಲಿ ಮೂರು ಸುತ್ತಿನ ಮಾತುಕತೆ ಆಗುತ್ತೆ. ನಂಗೆ ಆ ಹಡಗಿನ ಬಗ್ಗೆ ಓದಿದಾಗ ಮೊದಲು ಅನ್ನಿಸಿದ್ದು, ಅವರ ಅಮ್ಮ ಆ ಒಂದು ತಿಂಗಳು ಹೇಗೆ ನಿದ್ದೆ ಮಾಡಿರಬಹುದು ಅಂತ. ಇರಲಿ.

ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ನಲ್ಲಿ ಮಾಸ್ಟರ್ಸ್. ಆಮೇಲೆ ನೇರ ಪಿಎಚ್‌ಡಿಗೆ ಹೋಗಲಿಲ್ಲ. ವಾಷಿಂಗ್ಟನ್‌ನ ನ್ಯಾಷನಲ್ ಬ್ಯೂರೋ ಆಫ್ ಸ್ಟಾಂಡರ್ಡ್ಸ್‌ನಲ್ಲಿ, ರೇಡಿಯೋ ತರಂಗಗಳನ್ನ ಅಳೆಯೋ ವಿಭಾಗದಲ್ಲಿ, 8 ತಿಂಗಳು ಪ್ರಾಯೋಗಿಕ ತರಬೇತಿ. ಇದು ನನಗೆ ಬಹಳ ಮುಖ್ಯ ಅನ್ನಿಸುತ್ತೆ. ಗಣಿತದಿಂದ ಬಂದೋರಿಗೆ ಕಾಗದದ ಮೇಲೆ ಸಮೀಕರಣ ಬಿಡಿಸೋದು ಮೊದಲಿಂದ ಅಭ್ಯಾಸ. ಉಪಕರಣ ಮುಟ್ಟಿ, ಅಳತೆ ತಗೊಂಡು, ಈ ಅಂಕಿಯನ್ನ ನಂಬಬಹುದಾ ಇಲ್ವಾ ಅಂತ ತೀರ್ಮಾನ ಮಾಡೋದು ಬೇರೆಯದೇ ವಿದ್ಯೆ. 1949ರಲ್ಲಿ ಮತ್ತೆ ಮಿಷಿಗನ್‌ಗೆ ವಾಪಸ್. 1953ರ ಆರಂಭದಲ್ಲಿ ಪಿಎಚ್‌ಡಿ. ಅದೇ ವರ್ಷ ಭಾರತಕ್ಕೆ ಮರಳಿ, ವಿಜ್ಞಾನ ಸಂಸ್ಥೆಯ ಎಲೆಕ್ಟ್ರಿಕಲ್ ಕಮ್ಯುನಿಕೇಷನ್ ಇಂಜಿನಿಯರಿಂಗ್ ವಿಭಾಗದಲ್ಲಿ ಅಧ್ಯಾಪಕಿಯಾದರು. ಸಹೋದ್ಯೋಗಿ ಎಸ್‌.ಕೆ. ಚಟರ್ಜಿ ಅವರನ್ನ ಮದುವೆಯಾದರು. ಇಬ್ಬರೂ ಸೇರಿ ಮೈಕ್ರೋವೇವ್ ಸಂಶೋಧನಾ ಪ್ರಯೋಗಾಲಯ ಕಟ್ಟಿದರು.

ಈಗ ಸವಕಳಿ ಲೆಕ್ಕಕ್ಕೆ ವಾಪಸ್ ಬರೋಣ. ಅವರು ಪಾಠ ಮಾಡ್ತಿದ್ದ ವಿಷಯಗಳಲ್ಲಿ ಎರಡನ್ನ ತಗೊಳ್ಳಿ. ಒಂದು, ಎಲೆಕ್ಟ್ರಾನ್ ಟ್ಯೂಬ್ ಸರ್ಕ್ಯೂಟ್‌ಗಳು. ಇನ್ನೊಂದು, ವಿದ್ಯುತ್ಕಾಂತೀಯ ಸಿದ್ಧಾಂತ. ಟ್ಯೂಬ್ ಅಂದ್ರೆ ಅಜ್ಜನ ಮನೆಯ ವಾಲ್ವ್ ರೇಡಿಯೋದಲ್ಲಿ ಇರ್ತಿತ್ತಲ್ಲ, ಸ್ವಿಚ್ ಹಾಕಿದ ಮೇಲೆ ಬಿಸಿಯಾಗೋಕೆ ಟೈಮ್ ತಗೊಳ್ತಿತ್ತಲ್ಲ, ಅದು. ಅವರು ಹಡಗಿಳಿದ ವರ್ಷವೇ, 1947ರ ಡಿಸೆಂಬರ್‌ನಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಕೆಲಸ ಮಾಡಿ ತೋರಿಸ್ತು. ಅಲ್ಲಿಂದ ಒಂದೆರಡು ದಶಕದಲ್ಲಿ ರೇಡಿಯೋದಿಂದಲೂ ಕಂಪ್ಯೂಟರಿನಿಂದಲೂ ಟ್ಯೂಬುಗಳು ಬಹುಪಾಲು ಖಾಲಿಯಾದವು. ಅಂದ್ರೆ ಅವರ ವೃತ್ತಿಜೀವನದ ಮಧ್ಯದಲ್ಲೇ, ಅವರು ಕಷ್ಟಪಟ್ಟು ಕಲಿತ ಒಂದು ದೊಡ್ಡ ವಿದ್ಯೆ ಸವೆದುಹೋಯ್ತು. ವಿದ್ಯುತ್ಕಾಂತೀಯ ಸಿದ್ಧಾಂತ? ಅದರ ಬುಡದಲ್ಲಿರೋ ಮ್ಯಾಕ್ಸ್‌ವೆಲ್ ಸಮೀಕರಣಗಳು 1860ರ ದಶಕದವು. ಅವು ಅಲ್ಲಾಡಲಿಲ್ಲ. ಅವುಗಳ ಮೇಲೆ ಹಿಡಿತ ಸಾಧಿಸೋಕೆ ಬೇಕಾದ್ದು ಗಣಿತ, ಅದು ಅವರ ಹತ್ತಿರ ಮೊದಲೇ ಇತ್ತು. ಜಮೀನು ಇದ್ದೋರು ಬೆಳೆ ಬದಲಾಯಿಸಿದರು, ಅಷ್ಟೇ.

ಇನ್ನೂ ಒಂದು ಮಾತು. ನೀವೀಗ ಈ ಪಾಡ್‌ಕಾಸ್ಟ್ ಕೇಳ್ತಿರೋದು ಮೈಕ್ರೋವೇವ್‌ನಲ್ಲೇ ಗೊತ್ತಾ? ನಿಮ್ಮ ಬ್ಲೂಟೂತ್ ಇಯರ್‌ಬಡ್, ವೈಫೈ, ಎರಡೂ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಆ ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್, ಹೆಚ್ಚುಕಮ್ಮಿ ನಿಮ್ಮ ಫೋನಿಗಿಂತ ಸ್ವಲ್ಪ ಚಿಕ್ಕದು. ಅಷ್ಟು ಸಣ್ಣ ಜಾಗದಲ್ಲಿ ಅಂಥ ಅಲೆ ಹಿಡಿಯೋ ಆಂಟೆನಾ ಕೂರಿಸಬೇಕು ಅಂದ್ರೆ ಏನೆಲ್ಲ ಲೆಕ್ಕ ಬೇಕೋ, ಅದೇ ಕ್ಷೇತ್ರದಲ್ಲಿ, ಮೈಕ್ರೋವೇವ್ ಮತ್ತು ಆಂಟೆನಾಗಳಲ್ಲಿ, ಅವರು ಜೀವಮಾನ ದುಡಿದರು. 20 ಜನ ಅವರ ಕೈಕೆಳಗೆ ಪಿಎಚ್‌ಡಿ ಮಾಡಿದರು. ನೂರಕ್ಕೂ ಹೆಚ್ಚು ಸಂಶೋಧನಾ ಪ್ರಬಂಧ, 7 ಪುಸ್ತಕ. ವಿಭಾಗದ ಮುಖ್ಯಸ್ಥೆಯೂ ಆದರು. 1982ರಲ್ಲಿ ನಿವೃತ್ತಿ.

ನಿವೃತ್ತಿ ಆದ ಮೇಲೆ ಏನು ಮಾಡಿದರು ಅನ್ನೋದು ನನಗೆ ಇನ್ನೂ ಇಷ್ಟ. ಮಹಿಳಾ ಅಧ್ಯಯನದ ಕಡೆ, ಸಾಮಾಜಿಕ ಕೆಲಸದ ಕಡೆ ತಿರುಗಿದರು. ಇಂಡಿಯನ್ ಅಸೋಸಿಯೇಷನ್ ಫಾರ್ ವಿಮೆನ್ಸ್ ಸ್ಟಡೀಸ್ ಜೊತೆ ಕೆಲಸ ಮಾಡಿದರು. 60 ವಯಸ್ಸಿನಲ್ಲಿ ಪೂರ್ತಿ ಹೊಸ ವಿಷಯ, ಹೊಸ ಜನ. ಆಂಟೆನಾ ಬಗ್ಗೆ ಮಾತಾಡಿದರೆ ಎಲ್ಲರೂ ಎದ್ದು ನಿಲ್ತಿದ್ದ ವ್ಯಕ್ತಿ, ಹೊಸಬಳಾಗಿ ಕೂತು ಕಲಿಯೋಕೆ ಒಪ್ಪೋದು ಸುಲಭದ ಮಾತಲ್ಲ. 2010ರಲ್ಲಿ ತೀರಿಕೊಂಡರು.

ವಿಶ್ವೇಶ್ವರಯ್ಯನವರ ಬಗ್ಗೆ ಒಂದೆರಡು ಮಾತು ಅಂದೆ. ಅವರನ್ನ ನಾವು ಪ್ರತಿಮೆ ಮಾಡಿ, ಸೆಪ್ಟೆಂಬರ್ 15ಕ್ಕೆ ಹಾರ ಹಾಕಿ, ವಾಟ್ಸ್ಆ್ಯಪ್ ಸ್ಟೇಟಸ್ ಹಾಕಿ ಮುಗಿಸಿಬಿಡ್ತೀವಿ. ಅವರ ಬಯೋಡೇಟಾವನ್ನ ಒಬ್ಬ ಎಚ್‌ಆರ್ ನೋಡೋ ಹಾಗೆ ನೋಡಿ. ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಶುರು. ಸಿಂಧ್‌ನ ಸುಕ್ಕೂರಿಗೆ ಕುಡಿಯೋ ನೀರು. ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ತಾನಾಗಿ ತೆರೆಯೋ ಗೇಟುಗಳು. 1906ರಲ್ಲಿ ಏಡನ್ ಊರಿನ ನೀರು, ಒಳಚರಂಡಿ. 1908ರಲ್ಲಿ ಮೂಸಿ ನದಿ ಹೈದರಾಬಾದ್‌ನ ಮುಳುಗಿಸಿದ ಮೇಲೆ ಅಲ್ಲಿ ಪ್ರವಾಹ ತಡೆಯೋ ಯೋಜನೆ. 1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರ್, ಆಮೇಲೆ ಕನ್ನಂಬಾಡಿ. ಎಲ್ಲಾ ಕಡೆ ನೀರೇ. ಆದರೆ ಪ್ರತಿ ಸಲವೂ ಸಮಸ್ಯೆ ಬೇರೆ, ಒಂದು ಕಡೆ ಕೊರತೆ, ಇನ್ನೊಂದು ಕಡೆ ಕೊಳಕು, ಮತ್ತೊಂದು ಕಡೆ ಅತಿಯಾಗಿ ಬರೋ ಪ್ರವಾಹ. ನೀರು ಅವರ ಜಮೀನು. ಕೆರಿಯರ್‌ನಲ್ಲಿ ಹೊಸ ಸವಾಲು ಅಂದ್ರೆ ನಾಲ್ಕು ವರ್ಷಕ್ಕೊಮ್ಮೆ ಇಡೀ ಕ್ಷೇತ್ರ ಬಿಟ್ಟು ಓಡೋದು ಅಂತಲೇ ಅಲ್ಲ.

ಸರಿ, ದೊಡ್ಡವರ ಕತೆ ಆಯ್ತು. ಈಗ ನಮ್ಮ ನಿಮ್ಮ ಕತೆಗೆ ಬರೋಣ. ಹಾವೇರಿ ಕಡೆಯ ಒಬ್ಬ ಕೇಳುಗ ನನಗೆ ವಾಯ್ಸ್ ನೋಟ್ ಕಳಿಸಿದ್ದ. ಹೆಸರು ಹೇಳಲ್ಲ. ಮೆಕ್ಯಾನಿಕಲ್ ಬಿಇ. ಕ್ಯಾಂಪಸ್‌ನಲ್ಲಿ ಬಂದದ್ದು ಸಾಫ್ಟ್‌ವೇರ್ ಕಂಪನಿ, ಬೆಂಗಳೂರಿಗೆ ಬಂದ. ನಾಲ್ಕು ವರ್ಷದಿಂದ ಒಂದೇ ಪ್ರಾಜೆಕ್ಟ್‌ನಲ್ಲಿ ಮ್ಯಾನ್ಯುಯಲ್ ಟೆಸ್ಟಿಂಗ್. ಅವನ ಮಾತಲ್ಲೇ ಹೇಳ್ತೀನಿ: "ಅಕ್ಕಾ, ನಾಲ್ಕು ವರ್ಷ ಆತು, ಅದ ಸ್ಕ್ರೀನ್ ನೋಡೂದು, ಅದ ಎಕ್ಸೆಲ್ ತುಂಬೂದು. ಈಗ ಈ ಕೆಲಸ ಎಲ್ಲಾ ಎಐ ಮಾಡ್ತೈತಿ ಅನ್ನಾಕತ್ತಾರ. ಅಪ್ಪ ನನ್ನ ಓದಿನ ಸಾಲಕ್ಕ ಸಹಿ ಹಾಕ್ಯಾನ. ಕೆಲಸ ಬಿಡಾಕ ಅಂಜಿಕಿ, ಇರಾಕೂ ಅಂಜಿಕಿ."

ಎರಡು ಸಲ ಕೇಳಿದೆ ಆ ನೋಟ್. ಬಿಡೋಕೂ ಭಯ, ಇರೋಕೂ ಭಯ. ಇದನ್ನ ಮೋಟಿವೇಷನ್ ಭಾಷಣದಿಂದ ಸರಿಮಾಡೋಕೆ ಆಗಲ್ಲ. ಲೆಕ್ಕದಿಂದ ಸ್ವಲ್ಪ ಆಗಬಹುದು.

ನಾನು ಅವನಿಗೆ ಮೊದಲು ಕೇಳಿದ್ದು, ತಿಂಗಳ ಖರ್ಚು ಎಷ್ಟು, ಇಎಂಐ ಎಷ್ಟು, ಕೈಯಲ್ಲಿ ಎಷ್ಟು ತಿಂಗಳಿಗೆ ಆಗೋಷ್ಟು ದುಡ್ಡಿದೆ ಅಂತ. ಎರಡು ತಿಂಗಳಿಗೆ ಅಂದ. ಹಾಗಾದ್ರೆ ರಾಜೀನಾಮೆ ಮಾತು ಈಗ ಬೇಡ. ಇನ್‌ಸ್ಟಾಗ್ರಾಮ್‌ನಲ್ಲಿ "ಧೈರ್ಯ ಮಾಡಿ ಬಿಟ್ಟೆ, ಬದುಕು ಬದಲಾಯ್ತು" ಅನ್ನೋರ ವಿಡಿಯೋ ಬರುತ್ತಲ್ಲ, ಅವರಲ್ಲಿ ಎಷ್ಟು ಜನರ ಅಪ್ಪ ಸಾಲಕ್ಕೆ ಸಹಿ ಹಾಕಿದ್ದಾರೆ ಅಂತ ಅವರು ಹೇಳಲ್ಲ. ಆರು ತಿಂಗಳ ಖರ್ಚು ಪಕ್ಕಕ್ಕೆ ಇಡೋವರೆಗೂ ಬಿಡೋ ಹಾಗಿಲ್ಲ. ಇದು ಕಾಮರ್ಸ್ ಹುಡುಗಿಯ ಆಜ್ಞೆ. ನಕ್ಕ.

ಆಮೇಲೆ ಆಸ್ತಿ ಪಟ್ಟಿ ಮಾಡೋಕೆ ಹೇಳಿದೆ. ಅವನ ಪ್ರಕಾರ ಅವನ ಹತ್ತಿರ ಏನೂ ಇಲ್ಲ. ಮೆಕ್ಯಾನಿಕಲ್ ಮರೆತುಹೋಗಿದೆ, ಕೋಡಿಂಗ್ ಬರಲ್ಲ. ಹಾಗೇನೂ ಇರಲ್ಲ ಅಂತ ಕೂರಿಸಿ ಕೇಳಿದೆ. ಅವನು ಟೆಸ್ಟ್ ಮಾಡ್ತಿರೋದು ಯಾವ ಸಾಫ್ಟ್‌ವೇರ್? ಗಾಡಿಗಳ ಸರ್ವೀಸ್ ಸೆಂಟರ್‌ಗಳಲ್ಲಿ ಬಳಸೋದು. ಅಯ್ಯೋ ಮಾರಾಯಾ! ಮೆಕ್ಯಾನಿಕಲ್ ಓದಿರೋನು, ನಾಲ್ಕು ವರ್ಷ ಗಾಡಿ ರಿಪೇರಿ ಸಾಫ್ಟ್‌ವೇರ್ ಎಲ್ಲಿ ಎಡವುತ್ತೆ ಅಂತ ದಿನಾ ನೋಡಿರೋನು, ನನ್ನ ಹತ್ತಿರ ಏನೂ ಇಲ್ಲ ಅಂತಾನೆ. ಎಕ್ಸೆಲ್ ತುಂಬೋದು ಶೇ 40ರ ಮಾಲು, ಅದು ಹೋಗುತ್ತೆ, ಹೋಗಲಿ. ಗಾಡಿ ಹೇಗೆ ಕೆಲಸ ಮಾಡುತ್ತೆ ಅನ್ನೋದು, ತಪ್ಪು ಎಲ್ಲಿ ಅಡಗಿರುತ್ತೆ ಅಂತ ಹುಡುಕೋ ಅಭ್ಯಾಸ, ಇವು ಜಮೀನು.

ಗಾಡಿ ಅಂದಾಗ ನೆನಪಾಯ್ತು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್ 6 ನಿಯಮ ಬಂತಲ್ಲ, ಆಗ ಹೊಸ ಬೈಕು, ಸ್ಕೂಟರುಗಳಲ್ಲಿ ಹೆಚ್ಚಿನವು ಕಾರ್ಬ್ಯುರೇಟರ್ ಬಿಟ್ಟು ಫ್ಯುಯೆಲ್ ಇಂಜೆಕ್ಷನ್‌ಗೆ ಹೋದವು. ನಮ್ಮ ತಾಲೂಕು ಕೇಂದ್ರಗಳ ಮೆಕ್ಯಾನಿಕ್‌ಗಳು ಅಲ್ಲಿವರೆಗೆ ಸ್ಕ್ರೂ ಡ್ರೈವರ್ ಹಿಡಿದು, ಇಂಜಿನ್ ಸದ್ದಿಗೆ ಕಿವಿಗೊಟ್ಟು ಟ್ಯೂನಿಂಗ್ ಮಾಡ್ತಿದ್ದೋರು. ದಿಢೀರ್ ಅಂತ ಸೆನ್ಸರ್, ಇಸಿಯು, ಸ್ಕ್ಯಾನರ್. ಕೆಲವರು ಹೊಸ ಗಾಡಿ ಮುಟ್ಟಲ್ಲ ಅಂತ ಕೂತರು. ಕೆಲವರು ಸ್ಕ್ಯಾನರ್ ತಂದು ಯೂಟ್ಯೂಬ್ ನೋಡಿ ಕಲಿತರು. ಸ್ಕ್ಯಾನರ್ ಒಂದು ಎರರ್ ಕೋಡ್ ಕೊಡುತ್ತೆ, ಅಷ್ಟೇ. ಅದು ನಿಜವಾಗಿ ಸೆನ್ಸರ್ ಕೆಟ್ಟಿದ್ದಾ, ಇಲ್ಲಾ ಇಲಿ ವೈರ್ ಕಡಿದಿದ್ದಾ ಅನ್ನೋದಕ್ಕೆ ಹಳೇ ಅನುಭವವೇ ಬೇಕು. ಯಾವ ಸರ್ಟಿಫಿಕೇಟೂ ಇಲ್ಲದ ಆ ಜನ ಮಾಡಿದ್ದನ್ನೇ ನಿರಂತರ ಕಲಿಕೆ ಅಂತ ನಾನು ಕರೆಯೋದು.

ಸರ್ಟಿಫಿಕೇಟ್ ಅಂದೆ. ಇಲ್ಲಿ ನಂದೊಂದು ಸಣ್ಣ ತಕರಾರಿದೆ. ಲೆಕ್ಕದಲ್ಲಿ ಖರ್ಚು ಎರಡು ಬಗೆ. ಒಂದು, ಇವತ್ತು ಮಾಡಿ ಇವತ್ತೇ ಮುಗಿಯೋದು, ಕರೆಂಟ್ ಬಿಲ್ ಥರ. ಅದು ರೆವೆನ್ಯೂ ಖರ್ಚು. ಇನ್ನೊಂದು, ಮುಂದೆ ನಾಲ್ಕು ವರ್ಷ ಉಪಯೋಗಕ್ಕೆ ಬರೋ ಆಸ್ತಿಗೆ ಹಾಕೋದು, ಬಂಡವಾಳ ಖರ್ಚು. ನೀವು ರಾತ್ರಿ ಹನ್ನೊಂದಕ್ಕೆ ಒಂದೂವರೆ ಪಟ್ಟು ಸ್ಪೀಡ್‌ನಲ್ಲಿ ವಿಡಿಯೋ ಓಡಿಸಿ, ಕೊನೆಯ ಕ್ವಿಜ್‌ಗೆ ಉತ್ತರ ಗೂಗಲ್ ಮಾಡಿ, ಪಡೆದ ಸರ್ಟಿಫಿಕೇಟನ್ನ ಲಿಂಕ್ಡ್‌ಇನ್‌ಗೆ ಹಾಕಿ "ಥ್ರಿಲ್ಡ್ ಟು ಅನೌನ್ಸ್" ಅಂತ ಬರೀತೀರಲ್ಲ, ಅದು ಕರೆಂಟ್ ಬಿಲ್. ಕಲಿತದ್ದನ್ನ ಮೂರು ತಿಂಗಳೊಳಗೆ ಯಾವುದಾದರೂ ನಿಜವಾದ ಕೆಲಸಕ್ಕೆ ಬಳಸಿದ್ರೆ ಮಾತ್ರ ಅದನ್ನ ಆಸ್ತಿ ಕಡೆ ಬರೆಯಬಹುದು. ಮೂರು ತಿಂಗಳು ಅನ್ನೋದು ನನ್ನ ಸ್ವಂತ ನಿಯಮ, ಯಾವ ಪುಸ್ತಕದಲ್ಲೂ ಇಲ್ಲ.

ದುಡ್ಡು ಸುರಿಯದೇ ಕಲಿಯೋಕೆ ದಾರಿ ಇದೆ. ಎನ್‌ಪಿಟೆಲ್ ಗೊತ್ತಲ್ಲ, ಐಐಟಿಗಳು ಮತ್ತು ನಮ್ಮ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಶುರು ಮಾಡಿದ್ದು. ಪಾಠಗಳು ಉಚಿತ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅಂದ್ರೆ ಮಾತ್ರ ಶುಲ್ಕ. ಕೆಲವು ಕೋರ್ಸ್‌ಗಳ ಪಾಠದ ಬರಹ ಕನ್ನಡದಲ್ಲೂ ಸಿಗುತ್ತೆ. ಪಾಠ ಕೆಲವೊಮ್ಮೆ ನಿದ್ದೆ ಬರಿಸುತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ಬೇರು ಗಟ್ಟಿಮಾಡೋದಕ್ಕೆ, ಅಂದ್ರೆ ಜಮೀನಿನ ಭಾಗಕ್ಕೆ, ಅದು ಚೆನ್ನಾಗಿದೆ. ಡಿಪ್ಲೊಮಾ ಮುಗಿಸಿದವರಿಗೆ ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಸೇರೋ ದಾರಿ ಇದ್ದೇ ಇದೆ.

ಈಗ ಇನ್ನೊಂದು ಕಡೆಯ ಮಾತು. ಇದನ್ನ ಹೇಳದೇ ಬಿಟ್ಟರೆ ನಾನು ಕಂಪನಿಗಳ ಜಾಹೀರಾತು ಮಾಡಿದ ಹಾಗೆ ಆಗುತ್ತೆ. ಯಂತ್ರಕ್ಕೆ ಎಣ್ಣೆ ಹಾಕೋದು ಯಾರು? ಮಾಲೀಕ. ಯಂತ್ರದ ಸವಕಳಿಯನ್ನ ಖರ್ಚು ಅಂತ ತೋರಿಸಿ ತೆರಿಗೆ ಕಡಿಮೆ ಮಾಡಿಕೊಳ್ಳೋದು ಯಾರು? ಅದೂ ಮಾಲೀಕ. ಹಾಗಾದ್ರೆ ಇಂಜಿನಿಯರ್ ತಲೆಯ ಸವಕಳಿಗೆ ಮಾತ್ರ ಅವನೇ ಭಾನುವಾರ ಕೂತು ಎಣ್ಣೆ ಹಾಕ್ಕೋಬೇಕಾ? ದಿನಕ್ಕೆ ಒಂಬತ್ತು ಗಂಟೆ ಕೆಲಸ, ಸಿಲ್ಕ್ ಬೋರ್ಡ್‌ನಲ್ಲಿ ಹೋಗ್ತಾ ಬರ್ತಾ ಎರಡು ಗಂಟೆ, ಮನೆಗೆ ಬಂದು ಅಡುಗೆ. ಇದಾದ ಮೇಲೆ "ಅಪ್‌ಸ್ಕಿಲ್ ಮಾಡ್ಕೊಳ್ಳಿ" ಅಂತ ಮೇಲ್ ಬರುತ್ತೆ. ಕಲಿಯೋದು ನಿಮ್ಮ ಜವಾಬ್ದಾರಿ ಅನ್ನೋದು ಅರ್ಧ ಸತ್ಯ. ಕೆಲಸದ ಸಮಯದಲ್ಲೇ ಕಲಿಯೋ ಅವಕಾಶ ಕೇಳೋದು ನಿಮ್ಮ ಹಕ್ಕು, ಅದನ್ನ ಕೊಡೋದು ಅವರ ಲಾಭಕ್ಕೂ ಒಳ್ಳೇದು. ಅಪ್ರೈಸಲ್ ಮೀಟಿಂಗ್‌ನಲ್ಲಿ ಶೇಕಡಾ ಎಷ್ಟು ಹೈಕ್ ಅಂತ ಕೇಳ್ತೀವಲ್ಲ, ಅದರ ಜೊತೆಗೆ "ಮುಂದಿನ ಆರು ತಿಂಗಳಲ್ಲಿ ನನಗೆ ಯಾವ ಹೊಸ ಕೆಲಸ ಕೊಡ್ತೀರಿ" ಅಂತಲೂ ಕೇಳಿ. ಉತ್ತರ ತಡವರಿಸಿದ್ರೆ ಆ ಜಾಗದ ಬಗ್ಗೆ ನಿಮಗೆ ಒಂದು ಮಾಹಿತಿ ಸಿಕ್ಕಿದಂತೆ.

ಹೆಣ್ಣುಮಕ್ಕಳಿಗೆ ಈ ಲೆಕ್ಕ ಇನ್ನೂ ಬಿಗಿ. ಬಾಣಂತನ, ಮಗು ಅಂತ ಎರಡು ವರ್ಷ ಬಿಟ್ಟರೆ "ಗ್ಯಾಪ್ ಇದೆಯಲ್ಲ" ಅಂತ ಸಂದರ್ಶನದಲ್ಲಿ ಹುಬ್ಬು ಏರುತ್ತೆ. ಎರಡು ವರ್ಷದಲ್ಲಿ ಸವೆದದ್ದು ಟೂಲ್‌ನ ವರ್ಷನ್, ತಲೆ ಅಲ್ಲ. ವರ್ಷನ್ ಕಲಿಯೋಕೆ ಕೆಲವು ವಾರ ಸಾಕು. ಈ ಮಾತನ್ನ ಸಂದರ್ಶನದಲ್ಲಿ ಹೀಗೇ ಹೇಳಿ, ಸಂಕೋಚ ಬೇಡ. ನನ್ನ ಅತ್ತಿಗೆ ಹೀಗೇ ಹೇಳಿದಳು. ಮೊದಲ ಎರಡು ಕಡೆ ಆಗಲಿಲ್ಲ, ಮೂರನೇ ಕಡೆ ಆಯ್ತು. ಸಂಬಳ ಮೊದಲಿಗಿಂತ ಕಡಿಮೆಗೆ ಒಪ್ಪಿಕೊಂಡಳು, ಅದು ನನಗೆ ಈಗಲೂ ಸರಿ ಅನ್ನಿಸಲ್ಲ.

ಹಾವೇರಿ ಹುಡುಗನ ವಿಷಯಕ್ಕೆ ಬರ್ತೀನಿ, ನೀವು ಕೇಳೇ ಕೇಳ್ತೀರಿ. ಅವನೂ ನಾನೂ ಸೇರಿ ಒಂದು ಸಣ್ಣ ಪ್ಲಾನ್ ಮಾಡಿದ್ವಿ. ಪೈಥಾನ್, ಡೇಟಾ ಸೈನ್ಸ್, ಎಐ, ಎಲ್ಲಾ ಒಟ್ಟಿಗೆ ಕಲೀತೀನಿ ಅಂತ ಅವನ ಪಟ್ಟಿ ಇತ್ತು. ಅದನ್ನ ಹರಿದು ಹಾಕಿ ಅಂದೆ. ಒಂದೇ ಒಂದು: ಅವನು ದಿನಾ ಕೈಯಿಂದ ಮಾಡೋ ಟೆಸ್ಟ್‌ಗಳಲ್ಲಿ ತೀರಾ ಬೇಜಾರಿನದನ್ನ ಆರಿಸಿ, ಅದನ್ನ ತಾನಾಗಿ ಓಡೋ ಹಾಗೆ ಸ್ಕ್ರಿಪ್ಟ್ ಬರೆಯೋದು. ಎಐ ಸಹಾಯ ತಗೊಳ್ಳಲಿ, ತೊಂದರೆ ಇಲ್ಲ. ಆದರೆ ಪ್ರತಿ ಸಾಲು ಏನು ಮಾಡುತ್ತೆ ಅಂತ ಅವನಿಗೆ ಹೇಳೋಕೆ ಬರಬೇಕು. ನನಗೆ ಕೋಡ್ ಗೊತ್ತಿಲ್ಲ, ಹಾಗಾಗಿ ನನಗೆ ಅರ್ಥ ಆಗೋ ಹಾಗೆ ವಿವರಿಸು ಅಂತ ಷರತ್ತು ಹಾಕಿದೆ.

ಹತ್ತು ವಾರ ತಗೊಂಡ. ನಡುವೆ ಮೂರು ವಾರ ಏನೂ ಮಾಡಲಿಲ್ಲ, ಊರಲ್ಲಿ ಮೆಕ್ಕೆಜೋಳದ ಕೊಯ್ಲು ಇತ್ತು. ಕೊನೆಗೆ ಓಡಿತು. ಮೂರು ಗಂಟೆಯ ಕೆಲಸ ಹನ್ನೆರಡು ನಿಮಿಷಕ್ಕೆ ಬಂತಂತೆ. ಆಮೇಲೆ ಅವನಿಗೆ ಹೊಸ ಭಯ ಶುರುವಾಯ್ತು: ಇದನ್ನ ಮ್ಯಾನೇಜರ್‌ಗೆ ತೋರಿಸಿದ್ರೆ ನನ್ನ ಕೆಲಸಾನೇ ಬೇಡ ಅಂದ್ಬಿಟ್ರೆ? ಭಯ ಸುಳ್ಳು ಅಂತ ನಾನು ಹೇಳಲಿಲ್ಲ. ಹಾಗೆ ಆಗೋದೂ ಉಂಟು. ಆದರೆ ಆ ಕೆಲಸ ಹೇಗೂ ಹೋಗೋದೇ ಆಗಿದ್ರೆ, ಅದನ್ನ ಕಳಿಸಿಕೊಟ್ಟವನು ನೀನಾಗಿರೋದು ವಾಸಿ ಅಲ್ವಾ ಅಂದೆ. ಬಯೋಡೇಟಾದಲ್ಲಿ ಬರೆಯೋಕೆ ಒಂದು ಗಟ್ಟಿ ಸಾಲು ಈಗ ಇದೆ. ಅದನ್ನ ಯಾವ ಮ್ಯಾನೇಜರೂ ವಾಪಸ್ ತಗೊಳ್ಳೋಕೆ ಆಗಲ್ಲ.

ತೋರಿಸಿದ. ಮ್ಯಾನೇಜರ್ ನೋಡಿ ಒಂದು ನಿಮಿಷ ಸುಮ್ಮನಿದ್ದು, "ಇಷ್ಟು ದಿನ ಯಾಕೆ ಹೇಳಲಿಲ್ಲ" ಅಂದರಂತೆ. ಬಡ್ತಿ ಗಿಡ್ತಿ ಏನೂ ಸಿಕ್ಕಿಲ್ಲ. ಅದೇ ಕಂಪನಿಯಲ್ಲಿ ಎಲೆಕ್ಟ್ರಿಕ್ ಗಾಡಿಗಳ ಬ್ಯಾಟರಿ ಡೇಟಾ ನೋಡೋ ಇನ್ನೊಂದು ತಂಡ ಇದೆ, ಅಲ್ಲಿಗೆ ಹೋಗ್ತೀಯಾ ಅಂತ ಕೇಳಿದ್ದಾರೆ. ಸಂಬಳ ಅಷ್ಟೇ. ಮೊದಲ ಆರು ತಿಂಗಳು ಎಲ್ಲರಿಗಿಂತ ಕಡಿಮೆ ಗೊತ್ತಿರೋನು ಅವನೇ ಆಗಿರ್ತಾನೆ. ಅಪ್ಪನಿಗೆ ಫೋನ್ ಮಾಡಿ ಹೇಳಿದಾಗ, "ಪಗಾರ ಹೆಚ್ಚಾಗಂಗಿಲ್ಲಂದ್ರ ಯಾಕ ಹೋಗ್ತಿ" ಅಂತ ಕೇಳಿದರಂತೆ. ಅದಕ್ಕೆ ಏನು ಉತ್ತರ ಕೊಡಲಿ ಅಕ್ಕಾ ಅಂತ ನನಗೆ ಮೆಸೇಜ್ ಮಾಡಿದ್ದಾನೆ.

ನಾನು ಬ್ಯಾಟರಿ ಬಗ್ಗೆ ಒಂದು ಪುಟ್ಟ ಲೆಕ್ಕ ಬರೆದು ಕಳಿಸಿದ್ದೀನಿ, ಅವನು ಅದನ್ನ ಅಪ್ಪನ ಭಾಷೆಗೆ ಬದಲಾಯಿಸಿ ಹೇಳ್ತೀನಿ ಅಂದಿದ್ದಾನೆ. ನಿಮ್ಮಲ್ಲಿ ಯಾರಾದರೂ ಇಂಥದ್ದೇ ಜಾಗದಲ್ಲಿದ್ರೆ, ಸಂಬಳ ಏರದೇ ಇದ್ರೂ ಹೊಸ ಕೆಲಸಕ್ಕೆ ಹಾರಿದ್ರೆ, ಮನೆಯಲ್ಲಿ ಹೇಗೆ ಹೇಳಿದ್ರಿ ಅಂತ ವಾಯ್ಸ್ ನೋಟ್ ಕಳಿಸಿ. ಎರಡು ನಿಮಿಷಕ್ಕಿಂತ ಉದ್ದ ಬೇಡ, ಹಿಂದೆ ಫ್ಯಾನ್ ಸದ್ದು ಬೇಡ. ಮುಂದಿನ ಕಂತಿನಲ್ಲಿ ಆಯ್ದವನ್ನ ಕೇಳಿಸ್ತೀನಿ.